ನ್ಯೂ ಆರ್ಲಿಯನ್ಸ್ ಜಾಝ್ ಫೆಸ್ಟ್: ದೊಡ್ಡ ವೇದಿಕೆ ಬಿಡಿ, ಟೆಂಟ್ ಒಳಗೆ ಕೂತ್ಕೊಳ್ಳಿ

ಮುಂಗಡವಾಗಿ ಕೊಂಡರೂ ಒಬ್ಬರಿಗೆ ಒಂದು ದಿನದ ಟಿಕೆಟ್ ಹೆಚ್ಚುಕಡಿಮೆ 100 ಡಾಲರ್. ಅಷ್ಟು ದುಡ್ಡು ಕೊಟ್ಟು ನ್ಯೂ ಆರ್ಲಿಯನ್ಸ್ ಜಾಝ್ ಆಂಡ್ ಹೆರಿಟೇಜ್ ಫೆಸ್ಟಿವಲ್‌ಗೆ ಹೋಗಬೇಕಾ ಅಂತ ಇಲ್ಲಿ ಹ್ಯೂಸ್ಟನ್ನಿನ ಕನ್ನಡ ಗೆಳೆಯರು ನನ್ನನ್ನು ಕೇಳುತ್ತಿರುತ್ತಾರೆ. ಹೋಗಿ ಅಂತಲೇ ನನ್ನ ಉತ್ತರ. ಆದರೆ ದುಡ್ಡು ಸಾರ್ಥಕ ಆಗೋದು ನೀವು ಎಲ್ಲಿ ಕೂರುತ್ತೀರಿ ಅನ್ನೋದರ ಮೇಲೆ ನಿಂತಿದೆ. ಪೋಸ್ಟರಿನಲ್ಲಿ ದಪ್ಪ ಅಕ್ಷರದಲ್ಲಿರುವ ಹೆಸರು ನೋಡಿ ದೊಡ್ಡ ವೇದಿಕೆಯ ಮುಂದೆ ದಿನವಿಡೀ ನಿಂತರೆ ನಿಮಗೆ ಸಿಗೋದು ಬೇರೆ ಯಾವ ಊರಲ್ಲಾದರೂ ಸಿಗುವ ಕಾರ್ಯಕ್ರಮ. ಅಲ್ಲಿ ನಾನು ಮುಂದೆ ಹೇಳುವ ಮೂರು ಟೆಂಟ್‌ಗಳಲ್ಲಿ ಕೂತರೆ ಸಿಗೋದು ಆ ಊರಿನಲ್ಲಿ ಮಾತ್ರ ಸಿಗುವಂಥದ್ದು.

ನಾನು ಮೈಸೂರಿನವಳು. ಚಿಕ್ಕವಳಿದ್ದಾಗಿನಿಂದ ವೀಣೆ ಕಲಿತೆ. ಅಮ್ಮ ಶಾಲೆಯಲ್ಲಿ ಸಂಗೀತದ ಟೀಚರ್ ಆಗಿದ್ದರು. ಈಗ ನಾನು ಹ್ಯೂಸ್ಟನ್ನಿನ ಒಂದು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಇಲ್ಲಿಂದ ನ್ಯೂ ಆರ್ಲಿಯನ್ಸ್ ಸುಮಾರು 350 ಮೈಲಿ, ಐ-10 ಹೆದ್ದಾರಿ ಹಿಡಿದರೆ ಆರು ಗಂಟೆ. ಅಮ್ಮ ಬಂದಿದ್ದಾಗ ಅವರನ್ನೂ, ಎಂಟು ವರ್ಷದ ಮಗಳನ್ನೂ ಕರೆದುಕೊಂಡು ಹೋದೆವು. ಅಮ್ಮನಿಗೆ ಜಾಝ್ ಹೊಸದು. ಆದರೆ ಕಿವಿ ಹಳೆಯದು, ಚೆನ್ನಾಗಿ ಪಳಗಿದ್ದು. ಈ ಬರಹದಲ್ಲಿ ಅರ್ಧ ಅವರು ಹೇಳಿದ್ದೇ ಇದೆ.

ಉತ್ಸವ ನಡೆಯೋದು ಏಪ್ರಿಲ್ ಕೊನೆಯ ವಾರಾಂತ್ಯ ಮತ್ತು ಮೇ ಮೊದಲ ವಾರಾಂತ್ಯ. ಜಾಗ ಫೇರ್ ಗ್ರೌಂಡ್ಸ್, ಊರಿನ ಕುದುರೆ ರೇಸಿನ ಮೈದಾನ. ಬೆಳಿಗ್ಗೆ 11ಕ್ಕೆ ಶುರು, ಸಂಜೆ 7ಕ್ಕೆ ಮುಗಿಯುತ್ತದೆ. ಒಂದೇ ಹೊತ್ತಿಗೆ ಹತ್ತಕ್ಕಿಂತ ಜಾಸ್ತಿ ವೇದಿಕೆಗಳಲ್ಲಿ ಹಾಡು ನಡೆಯುತ್ತಿರುತ್ತದೆ. 1970ರಲ್ಲಿ ಮೊದಲ ಉತ್ಸವ ನಡೆದಾಗ ಜಾಗ ಇದಲ್ಲ, ಕಾಂಗೋ ಸ್ಕ್ವೇರ್. ಗುಲಾಮಗಿರಿಯ ಕಾಲದಲ್ಲಿ ಭಾನುವಾರಗಳಂದು ಆಫ್ರಿಕಾ ಮೂಲದ ಜನ ಸೇರಿ ಡ್ರಮ್ ಬಾರಿಸಿ ಕುಣಿಯುತ್ತಿದ್ದ ಬಯಲು ಅದು. ಆ ಮೊದಲ ವರ್ಷ ಡ್ಯೂಕ್ ಎಲಿಂಗ್ಟನ್, ಮಹಾಲಿಯಾ ಜಾಕ್ಸನ್ ಅವರಂಥ ದೊಡ್ಡವರು ಬಂದಿದ್ದರೂ ಕೇಳಲು ಬಂದವರು ಕೆಲವೇ ನೂರು ಜನ. 1972ರಲ್ಲಿ ರೇಸ್ ಮೈದಾನಕ್ಕೆ ಬಂತು. ಈಗ ಅದೇ ಉತ್ಸವಕ್ಕೆ ಲಕ್ಷಗಟ್ಟಲೆ ಜನ.

ಜನ ಅಷ್ಟು ಅನ್ನೋದೇ ದೊಡ್ಡ ವೇದಿಕೆಯ ತೊಂದರೆ. ಮಧ್ಯಾಹ್ನ ಆದಮೇಲೆ ಅಲ್ಲಿ ಮುಂದೆ ಹೋಗಲು ಆಗದು, ಹಿಂದೆ ಬರಲೂ ಆಗದು. ಬಿಸಿಲು ನೆತ್ತಿ ಸುಡುತ್ತದೆ. ಹಾಡುವವರನ್ನು ಪರದೆಯ ಮೇಲೆ ನೋಡಬೇಕು. ಅಮ್ಮನಂಥ ವಯಸ್ಸಾದವರಿಗೆ ಅದು ಆಗುವ ಮಾತಲ್ಲ. ಒಂದು ವಿನಾಯಿತಿ ಮಾತ್ರ ಹೇಳುತ್ತೇನೆ. ಕೊನೆಯ ಭಾನುವಾರ ಸಂಜೆ ಆ ವೇದಿಕೆಯಲ್ಲಿ ಮಂಗಳ ಹಾಡುವುದು ಟ್ರಾಂಬೋನ್ ಶಾರ್ಟಿ. ಅದೇ ಊರಿನ ಟ್ರೆಮೆ ಬಡಾವಣೆಯ ಹುಡುಗ, ನಿಜವಾದ ಹೆಸರು ಟ್ರಾಯ್ ಆಂಡ್ರ್ಯೂಸ್. ನಾಲ್ಕು ವರ್ಷದವನಿದ್ದಾಗ ಇದೇ ಉತ್ಸವದಲ್ಲಿ ಹೆಸರಾಂತ ಗಿಟಾರಿಗ ಬೋ ಡಿಡ್ಲಿ ಜೊತೆ ವೇದಿಕೆ ಹತ್ತಿದವನು, ತನ್ನ ಎತ್ತರಕ್ಕಿಂತ ಉದ್ದದ ಟ್ರಾಂಬೋನ್ ಅನ್ನುವ ಊದುವ ಹಿತ್ತಾಳೆ ವಾದ್ಯ ಹಿಡಿದು. ಅವನಿಗಾಗಿ ಒಂದು ಗಂಟೆ ನಿಲ್ಲಬಹುದು.

ಈಗ ಟೆಂಟ್‌ಗಳಿಗೆ ಬರೋಣ.

ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಕಚೇರಿ ಕೇಳಿದವರಿಗೆ ಈ ಟೆಂಟ್‌ಗಳ ಒಳಗೆ ಕಾಲಿಟ್ಟ ಕೂಡಲೇ ಗುರುತು ಸಿಗುತ್ತದೆ. ಸಾಲಾಗಿ ಹಾಕಿದ ಕುರ್ಚಿಗಳು. ವರ್ಷ ವರ್ಷ ಬಂದು ಅದೇ ಸಾಲಿನಲ್ಲಿ ಕೂರುವ ಹಿರಿಯರು. ಒಳ್ಳೆಯ ಸಂಗತಿ, ಅಂದರೆ ಸ್ವರಗಳ ಚೆಂದದ ತಿರುವು, ಬಂದಾಗ ತಾವಾಗಿ ಬಾಯಿಂದ ಬರುವ ಮೆಚ್ಚುಗೆ. ಅಲ್ಲಿ ‘ಭೇಷ್’ ಅನ್ನುವ ಕಡೆ ಇಲ್ಲಿ ‘ಯೆಸ್ ಸರ್!’ ಅನ್ನುತ್ತಾರೆ, ಅಷ್ಟೇ. ಅಮ್ಮ ಕೂತು ಸೆರಗು ಸರಿ ಮಾಡಿಕೊಂಡು ತೊಡೆಯ ಮೇಲೆ ಕೈ ಇಟ್ಟರು, ತಾಳ ಹಾಕಲು.

ಮೊದಲನೆಯದು ಬ್ಲೂಸ್ ಟೆಂಟ್. ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರ ಹಳೇ ಹಾಡಿನ ಬಗೆ. ಅಲ್ಲಿ ನಾವು ಕೇಳಿದವರಲ್ಲಿ ನನ್ನ ಮನಸ್ಸಿನಲ್ಲಿ ಉಳಿದವರು ಲಿಟಲ್ ಫ್ರೆಡ್ಡಿ ಕಿಂಗ್. 1940ರಲ್ಲಿ ಮಿಸಿಸಿಪ್ಪಿಯ ಮೆಕೋಂಬ್‌ನಲ್ಲಿ ಹುಟ್ಟಿದವರು. ಹದಿಹರೆಯದಲ್ಲೇ ಗೂಡ್ಸ್ ರೈಲು ಹತ್ತಿ ನ್ಯೂ ಆರ್ಲಿಯನ್ಸ್‌ಗೆ ಬಂದುಬಿಟ್ಟರು. ಈ ಉತ್ಸವದಲ್ಲಿ ದಶಕಗಳಿಂದ ನುಡಿಸುತ್ತಿದ್ದಾರೆ. ಹ್ಯಾಟು, ಮಿರಮಿರ ಮಿಂಚುವ ಸೂಟು, ಸಣಕಲು ದೇಹ. ಗಿಟಾರ್ ಮುಟ್ಟಿದರೆ ಮಾತ್ರ ಇಡೀ ಟೆಂಟ್ ನೆಟ್ಟಗೆ ಕೂರುತ್ತದೆ. ವೇಗ ಇಲ್ಲ, ಸ್ವರಗಳ ರಾಶಿ ಇಲ್ಲ. ಒಂದು ಚಿಕ್ಕ ಸಂಗತಿ ಹಿಡಿದು ಅದನ್ನೇ ಮತ್ತೆ ಮತ್ತೆ ತಿಕ್ಕಿ ತಿಕ್ಕಿ ಬಿಸಿ ಮಾಡುತ್ತಾರೆ.

ಅಮ್ಮ ತಾಳ ಹಿಡಿದೇ ಬಿಟ್ಟರು. ಬ್ಲೂಸ್‌ನ ಸಾಮಾನ್ಯ ಕಟ್ಟು 12 ಬಾರ್. ಒಂದು ಬಾರ್‌ಗೆ 4 ಎಣಿಕೆ, ಒಟ್ಟು 48. ಎಂಟು ಎಣಿಕೆಗೆ ಒಂದು ಆವರ್ತವಾಗುವ ನಮ್ಮ ಆದಿತಾಳದಲ್ಲಿ ಎಣಿಸಿದರೆ ಸರಿಯಾಗಿ ಆರು ಆವರ್ತ. ಇದನ್ನು ನಾನು ಅಮ್ಮನಿಗೆ ಹೇಳಿಕೊಟ್ಟಿರಲಿಲ್ಲ. ಮೂರನೇ ಹಾಡಿನ ಹೊತ್ತಿಗೆ ಅವರೇ ನನ್ನ ಕಡೆ ತಿರುಗಿ, “ಆರು ಆವರ್ತಕ್ಕೆ ಒಂದು ಸುತ್ತು ಬರ್ತಿದೆ ಕಣೇ. ಮೊದಲ ಸಾಲು ಎರಡು ಸಲ ಹೇಳ್ತಾರೆ, ಮೂರನೇದರಲ್ಲಿ ಬಿಡಿಸ್ತಾರೆ, ಅಲ್ವಾ?” ಅಂದರು. ಬ್ಲೂಸ್ ಸಾಹಿತ್ಯದ ಕಟ್ಟು ಹಾಗೇ ಇದೆ. ಮೊದಲ ಸಾಲು, ಅದೇ ಸಾಲು ಮತ್ತೆ, ಆಮೇಲೆ ಅದಕ್ಕೊಂದು ಉತ್ತರ. ಪ್ರತಿ ಸಾಲು ಮುಗಿದ ಮೇಲೆ ಉಳಿಯುವ ಜಾಗದಲ್ಲಿ ಗಿಟಾರ್ ಮಾತಾಡುತ್ತದೆ. ಹಾಡುಗಾರ ಹೇಳಿದ್ದಕ್ಕೆ ವಾದ್ಯ ಹೂಂಗುಟ್ಟಬೇಕು.

ಹಳೇ ಹಳ್ಳಿ ಬ್ಲೂಸ್‌ನವರು ಈ 48ರ ಲೆಕ್ಕಕ್ಕೆ ಯಾವಾಗಲೂ ಕಟ್ಟುಬೀಳುವುದಿಲ್ಲ. ಜಾನ್ ಲೀ ಹೂಕರ್ ಇದಕ್ಕೆ ಹೆಸರಾದವರು. ಇಂಥವರು ಮಾತು ಮುಗಿದಿಲ್ಲ ಅನ್ನಿಸಿದರೆ ಒಂದು ಬಾರ್ ಉದ್ದ ಮಾಡುತ್ತಾರೆ, ಮುಗಿಯಿತು ಅನ್ನಿಸಿದರೆ ಬೇಗ ತಿರುಗುತ್ತಾರೆ. ಹಿಂದೆ ಬಾಸ್ ಮತ್ತು ಡ್ರಮ್ಸ್ ನುಡಿಸುವವರು ಕಣ್ಣು ಮಿಟುಕಿಸದೆ ಅವರನ್ನೇ ನೋಡುತ್ತಿರಬೇಕು. ಟೆಂಟ್‌ನಲ್ಲಿ ಹತ್ತಿರ ಕೂತರೆ ಈ ನೋಟಗಳೆಲ್ಲ ಕಾಣುತ್ತವೆ. ಪಕ್ಕವಾದ್ಯದವರು ಮುಖ್ಯ ಕಲಾವಿದರ ತುಟಿ, ಭುಜ ನೋಡಿಕೊಂಡು ತಿರುವು ಹಿಡಿಯುವುದನ್ನು ನೋಡಲಿಕ್ಕೇ ನಾನು ಎಡಗಡೆ ಸಾಲಿನಲ್ಲಿ ಡ್ರಮ್ಸ್ ಕಾಣುವ ಹಾಗೆ ಕೂರುತ್ತೇನೆ.

ವೀಣೆ ನುಡಿಸುವವಳಾಗಿ ನನಗೆ ಬ್ಲೂಸ್‌ನಲ್ಲಿ ಮೈ ಜುಂ ಅನ್ನಿಸುವುದು ಗಾಂಧಾರ, ಅಂದರೆ ಸರಿಗಮದ ‘ಗ’. ಪಿಯಾನೋದ ಮನೆಗಳಲ್ಲಿ ಸಾಧಾರಣ ಗಾಂಧಾರ ಒಂದು, ಅಂತರ ಗಾಂಧಾರ ಒಂದು, ಬೇರೆ ಬೇರೆ. ಬ್ಲೂಸ್ ಗಿಟಾರಿಗರು ತಂತಿಯನ್ನು ಎಳೆದು ಆ ಎರಡರ ನಡುವಿನಲ್ಲಿ ನಿಲ್ಲಿಸುತ್ತಾರೆ. ನಾವು ವೀಣೆಯಲ್ಲಿ ಮೆಟ್ಟಿಲ ಮೇಲೆ ತಂತಿ ಎಳೆದು ಗಮಕ ಕೊಡುವ ಹಾಗೇ ಬೆರಳಿನ ಕೆಲಸ. ಎಷ್ಟು ಎಳೆಯಬೇಕು ಅನ್ನೋದು ಬರೆದಿಡಲು ಬಾರದು. ಒಬ್ಬೊಬ್ಬರದು ಒಂದೊಂದು ಗಾಂಧಾರ. ಅದನ್ನು ಕೇಳಿದರೆ ಕಣ್ಣು ಮುಚ್ಚಿಕೊಂಡೇ ಯಾರು ನುಡಿಸುತ್ತಿದ್ದಾರೆ ಅಂತ ಹೇಳುವ ರಸಿಕರು ಆ ಟೆಂಟ್‌ನಲ್ಲಿ ಇದ್ದಾರೆ. ನಮ್ಮ ಪಕ್ಕ ಕೂತಿದ್ದ ಒಬ್ಬ ಹಿರಿಯರು ಹಾಗೇ ಹೇಳುತ್ತಾ ನನ್ನ ಮಗಳಿಗೆ ಪಾಠ ಮಾಡಿದರು.

ಒಂದೇ ಒಂದು ಕಡೆ ಅಮ್ಮನಿಗೂ ಟೆಂಟ್‌ಗೂ ಹೊಂದಿಕೆ ಆಗಲಿಲ್ಲ. ಅಮ್ಮ ಚಪ್ಪಾಳೆ ಹೊಡೆಯೋದು ಸಮಕ್ಕೆ, ಅಂದರೆ ಮೊದಲ ಎಣಿಕೆಗೆ. ಅಲ್ಲಿನವರು ಹೊಡೆಯೋದು ಎರಡು ಮತ್ತು ನಾಲ್ಕನೇ ಎಣಿಕೆಗೆ. ಸ್ನೇರ್ ಡ್ರಮ್ಮಿನ ಏಟು ಬೀಳುವುದೂ ಅಲ್ಲೇ. ಸುಮ್ನೆ ನಾಲ್ಕು ಹಾಡು ಕೇಳಿ, ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಮಗಳು ಬೇಗ ಕಲಿತಳು.

ಎರಡನೆಯದು ಜಾಝ್ ಟೆಂಟ್. ಇಲ್ಲಿ ಹೊಸ ಕಾಲದ ಜಾಝ್, ಮನೋಧರ್ಮಕ್ಕೆ, ಅಂದರೆ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವುದಕ್ಕೆ, ಜಾಸ್ತಿ ಜಾಗ. ಡೊನಾಲ್ಡ್ ಹ್ಯಾರಿಸನ್ ಅವರ ಹೆಸರು ವೇಳಾಪಟ್ಟಿಯಲ್ಲಿ ಕಂಡರೆ ಬೇರೆಲ್ಲ ಬಿಟ್ಟು ಹೋಗಿ. ಆಲ್ಟೊ ಸ್ಯಾಕ್ಸೋಫೋನ್ ನುಡಿಸುವವರು. ಹರೆಯದಲ್ಲಿ ಹೆಸರಾಂತ ಡ್ರಮ್ಸ್ ವಾದಕ ಆರ್ಟ್ ಬ್ಲೇಕಿ ಅವರ ತಂಡದಲ್ಲಿ ಟ್ರಂಪೆಟ್ ವಾದಕ ಟೆರೆನ್ಸ್ ಬ್ಲಾಂಚರ್ಡ್ ಜೊತೆ ಇದ್ದರು. 2022ರಲ್ಲಿ ಅಮೆರಿಕ ಸರಕಾರದ ಕಲಾ ಸಂಸ್ಥೆ ಜಾಝ್ ಮಾಸ್ಟರ್ ಗೌರವ ಕೊಟ್ಟಿತು. ಇವರಿಗೆ ಇನ್ನೊಂದು ಪದವಿಯೂ ಇದೆ. ಮಾರ್ಡಿ ಗ್ರಾ ಹಬ್ಬದಲ್ಲಿ ಗರಿ, ಮಣಿಗಳ ಭಾರೀ ವೇಷ ತೊಟ್ಟು ಬೀದಿಗೆ ಇಳಿಯುವ ಕಪ್ಪು ಜನರ ತಂಡವೊಂದಕ್ಕೆ ಇವರು ಬಿಗ್ ಚೀಫ್, ಅಂದರೆ ಯಜಮಾನ. ಇವರ ತಂದೆಯೂ ಹಾಗೇ ಯಜಮಾನರಾಗಿದ್ದರು. ಆ ವೇಷಗಳ ಮಣಿ ಒಂದೊಂದನ್ನೂ ಕೈಯಲ್ಲೇ ಹೊಲಿಯುತ್ತಾರೆ, ಪ್ರತಿ ವರ್ಷ ಹೊಸದು. ಉತ್ಸವದ ಮೈದಾನದಲ್ಲಿ ಅವರ ಮೆರವಣಿಗೆ ಬಂದಾಗ ದಯವಿಟ್ಟು ಹತ್ತಿರ ಹೋಗಿ ಹೊಲಿಗೆ ನೋಡಿ. ಮುಟ್ಟಬೇಡಿ.

ಸ್ಯಾಕ್ಸೋಫೋನ್ ಅಂದ ಕೂಡಲೇ ನಮ್ಮವರಿಗೆ ಕದ್ರಿ ಗೋಪಾಲನಾಥರು ನೆನಪಾಗುತ್ತಾರೆ. ಅಮ್ಮನಿಗೂ ಆದರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮನಸೋತು, ನಾಗಸ್ವರದವರ ಮಗ ಇದನ್ನು ಕರ್ನಾಟಕ ಸಂಗೀತಕ್ಕೆ ಪಳಗಿಸಿದರು. 1980ರಲ್ಲಿ ಬೊಂಬಾಯಿಯ ಜಾಝ್ ಯಾತ್ರಾದಲ್ಲೂ ನುಡಿಸಿದರು. ಅಮ್ಮ ಹೇಳಿದ ಮಾತು ನನಗೆ ಸರಿ ಅನ್ನಿಸಿತು: ಕದ್ರಿಯವರು ವಾದ್ಯವನ್ನು ಹಾಡುಗಾರಿಕೆ ಹತ್ತಿರ ಒಯ್ದರು, ಇವರು ಮಾತಿನ ಹತ್ತಿರ ಒಯ್ಯುತ್ತಾರೆ. ಹ್ಯಾರಿಸನ್ ನುಡಿಸುವಾಗ ಕೆಲವು ಸಾಲು ಬೀದಿಯಲ್ಲಿ ಯಾರೋ ಯಾರನ್ನೋ ಕೂಗಿ ಕರೆದ ಹಾಗೇ ಇರುತ್ತದೆ.

ಜಾಝ್ ಟೆಂಟ್ ಬಗ್ಗೆ ಒಂದು ಎಚ್ಚರಿಕೆ. ಜಾಝ್ ಮೊದಲ ಸಲ ಕೇಳುವವರು ನೇರ ಇಲ್ಲಿಗೆ ಬಂದರೆ ದಾರಿ ತಪ್ಪಿದ ಹಾಗೆ ಆಗಬಹುದು. ಮೊದಲು ಮೂರನೇ ಟೆಂಟ್‌ಗೆ ಹೋಗಿ.

ಅದರ ಹೆಸರು ಎಕಾನಮಿ ಹಾಲ್. ಟ್ರೆಮೆಯಲ್ಲಿ 19ನೇ ಶತಮಾನದಲ್ಲಿ ಇದೇ ಹೆಸರಿನ ಸಭಾಂಗಣ ಇತ್ತು. ಗುಲಾಮಗಿರಿ ಇನ್ನೂ ಇದ್ದ ಕಾಲದಲ್ಲೇ ಸ್ವತಂತ್ರರಾಗಿದ್ದ ಕಪ್ಪು ಜನ ಸೇರಿ ಕಷ್ಟಸುಖಕ್ಕೆ ಒಬ್ಬರಿಗೊಬ್ಬರು ಆಗಲಿ ಅಂತ ಕಟ್ಟಿಕೊಂಡ ಸಂಘದ ಮನೆ ಅದು. ಆ ಹೆಸರಿಗೆ ತಕ್ಕ ಹಾಗೆ ಈ ಟೆಂಟ್‌ನಲ್ಲಿ ಹಳೇ ನ್ಯೂ ಆರ್ಲಿಯನ್ಸ್ ಜಾಝ್ ಮಾತ್ರ. ಟ್ರಂಪೆಟ್ ರಾಗವನ್ನು ನೇರವಾಗಿ ಹೇಳುತ್ತದೆ. ಕ್ಲಾರಿನೆಟ್ ಅದರ ಮೇಲೆ ಬಳ್ಳಿ ಬಿಡುತ್ತದೆ. ಟ್ರಾಂಬೋನ್ ಕೆಳಗಿನಿಂದ ತಳ್ಳುತ್ತದೆ. ಮೂವರೂ ಒಟ್ಟಿಗೆ ಮನೋಧರ್ಮ ಮಾಡುತ್ತಾರೆ, ಆದರೂ ಗದ್ದಲ ಆಗುವುದಿಲ್ಲ. ಇದು ಹೇಗೆ ಸಾಧ್ಯ ಅಂತ ಅಮ್ಮ ಎರಡು ದಿನ ಅದನ್ನೇ ಕೇಳುತ್ತಿದ್ದರು. ನಮ್ಮಲ್ಲಿ ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು, ಅಲ್ವಾ? ಇಲ್ಲಿ ಪ್ರತಿಯೊಬ್ಬರಿಗೂ ಅವರವರ ಎತ್ತರ, ಅವರವರ ಕೆಲಸ ಗೊತ್ತಿರುತ್ತದೆ. ಒಬ್ಬರು ಉಸಿರು ತೆಗೆದುಕೊಂಡ ಸಂದಿಯಲ್ಲಿ ಇನ್ನೊಬ್ಬರು ನುಸುಳುತ್ತಾರೆ.

ಇಲ್ಲಿ ಕೇಳಲೇಬೇಕಾದವರು ಡಾಕ್ಟರ್ ಮೈಕಲ್ ವೈಟ್. ಕ್ಲಾರಿನೆಟ್ ವಾದಕರು, ಒರಿಜಿನಲ್ ಲಿಬರ್ಟಿ ಜಾಝ್ ಬ್ಯಾಂಡ್ ಅವರದು. ಅದೇ ಊರಿನ ಜೇವಿಯರ್ ವಿಶ್ವವಿದ್ಯಾಲಯದಲ್ಲಿ ಸ್ಪ್ಯಾನಿಷ್ ಮತ್ತು ಕಪ್ಪು ಅಮೆರಿಕನ್ನರ ಸಂಗೀತ ಕಲಿಸಿದ ಮೇಷ್ಟ್ರು. 2005ರ ಆಗಸ್ಟ್‌ನಲ್ಲಿ ಕತ್ರಿನಾ ಚಂಡಮಾರುತ ಬಂದು ಊರಿಗೆ ನೀರು ನುಗ್ಗಿದಾಗ ಅವರ ಮನೆಯೂ ಮುಳುಗಿತು. ದಶಕಗಳಿಂದ ಕೂಡಿಸಿದ ಹಳೇ ಕ್ಲಾರಿನೆಟ್‌ಗಳು, ಧ್ವನಿಮುದ್ರಿಕೆಗಳು, ಹಿರಿಯ ಸಂಗೀತಗಾರರ ಕಾಗದಪತ್ರಗಳು ಹಾಳಾದವು. ಆದರೂ ಅವರು ಆ ಸಂಗೀತ ಬಿಡಲಿಲ್ಲ, ಹೊಸದಾಗಿ ಹಾಡುಗಳನ್ನೂ ಕಟ್ಟಿದರು. ಅವರು ನುಡಿಸುವಾಗ ಕೆಳಗಿನ ಸ್ಥಾಯಿಯಲ್ಲಿ ಕ್ಲಾರಿನೆಟ್‌ನ ದನಿ ಮರದ ವಾಸನೆ ಬರುವಷ್ಟು ಬೆಚ್ಚಗಿರುತ್ತದೆ. ಮೇಲೆ ಹೋದಾಗ ಅಳುತ್ತದೆ. ನಾನು ಆ ಎರಡು ದಿನದಲ್ಲಿ ಕೇಳಿದ್ದರಲ್ಲಿ ಒಂದನ್ನು ಮಾತ್ರ ಮತ್ತೆ ಕೇಳಬಹುದು ಅಂದರೆ ಇವರ ಕಚೇರಿಯನ್ನೇ ಕೇಳುತ್ತೇನೆ.

ಎಕಾನಮಿ ಹಾಲ್‌ನಲ್ಲಿ ಕುಣಿಯಲು ಜಾಗ ಬಿಟ್ಟಿರುತ್ತಾರೆ. ಲಯ ಏರಿದಾಗ ಜನ ಬಣ್ಣದ ಛತ್ರಿ ಬಿಚ್ಚಿ, ಕರವಸ್ತ್ರ ಬೀಸುತ್ತಾ ಕುರ್ಚಿ ಸಾಲುಗಳ ನಡುವೆ ಮೆರವಣಿಗೆ ಹೊರಡುತ್ತಾರೆ. ಸೆಕೆಂಡ್ ಲೈನ್ ಅನ್ನುತ್ತಾರೆ. ಆ ಊರಿನಲ್ಲಿ ಸಾವಿನ ಮೆರವಣಿಗೆಯಲ್ಲೂ ಬ್ರಾಸ್ ಬ್ಯಾಂಡ್ ಇರುತ್ತದೆ. ಸ್ಮಶಾನಕ್ಕೆ ಹೋಗುವಾಗ ನಿಧಾನದ ಭಜನೆಯಂಥ ಹಾಡು, ಮಣ್ಣು ಮಾಡಿ ಬರುವಾಗ ಕುಣಿತದ ಹಾಡು. ಬ್ಯಾಂಡಿನವರದು ಮೊದಲ ಸಾಲು, ಹಿಂದೆ ಸೇರಿಕೊಳ್ಳುವ ಊರವರದು ಎರಡನೇ ಸಾಲು. ನನ್ನ ಮಗಳನ್ನು ಒಬ್ಬ ಅಜ್ಜಿ ಕೈ ಹಿಡಿದು ಸಾಲಿಗೆ ಸೇರಿಸಿಕೊಂಡರು. ಅವಳ ಕೈಗೊಂದು ಛತ್ರಿ. ಎರಡು ಸುತ್ತು ಬಂದಳು.

ಸುಸ್ತಾದರೆ ರೇಸ್ ಮೈದಾನದ ಗ್ರ್ಯಾಂಡ್‌ಸ್ಟ್ಯಾಂಡ್ ಕಟ್ಟಡಕ್ಕೆ ಹೋಗಿ. ಎಸಿ ಇದೆ. ಅಲ್ಲಿ ಆಲಿಸನ್ ಮೈನರ್ ಹೆಸರಿನ ಚಿಕ್ಕ ವೇದಿಕೆಯಲ್ಲಿ ಸಂಗೀತಗಾರರನ್ನು ಕೂರಿಸಿ ಮಾತಾಡಿಸುತ್ತಾರೆ. ಜನ ಕಮ್ಮಿ, ಮಾತು ಚೆನ್ನಾಗಿರುತ್ತದೆ, ನಡುನಡುವೆ ನುಡಿಸಿಯೂ ತೋರಿಸುತ್ತಾರೆ. ಬಹಳ ಜನಕ್ಕೆ ಈ ಜಾಗ ಗೊತ್ತೇ ಇಲ್ಲ.

ಊಟದ ವಿಷಯ. ನಾವು ಸಸ್ಯಾಹಾರಿಗಳು. ಈ ಉತ್ಸವದ ಊಟಕ್ಕೆ ಹೆಸರಿರುವುದು ಸೀಗಡಿ, ಹಂದಿಮಾಂಸ, ಸಿಂಪಿಗಳಿಂದ, ಮಾಂಸ ತಿನ್ನುವವರಿಗೆ ಅದೇ ಒಂದು ಹಬ್ಬ. ನಮಗೆ ದೊರೆತದ್ದು ಬೆನ್ನಾಚಿನ್ ಅನ್ನುವ ಆಫ್ರಿಕನ್ ಹೋಟೆಲಿನವರ ಜಾಮಾ ಜಾಮಾ. ಪಾಲಕ್ ಸೊಪ್ಪಿನ ಪಲ್ಯ, ಜೊತೆಗೆ ಹುರಿದ ಬಾಳೆಕಾಯಿ. ಅಮ್ಮ ಎರಡು ದಿನವೂ ಅದನ್ನೇ ತಿಂದರು. ಬಿಸಿಲಿಗೆ ಮ್ಯಾಂಗೋ ಫ್ರೀಜ್ ತಿನ್ನಿ. ಮಾವಿನ ಹಣ್ಣಿನ ಐಸು, ಮಾರುವವರು ಆ ಊರಿನ ಸಮುದಾಯ ರೇಡಿಯೋ ಡಬ್ಲ್ಯುಡಬ್ಲ್ಯುಓಝಡ್‌ನವರು, ಬಂದ ದುಡ್ಡು ರೇಡಿಯೋಗೆ. ಆ ರೇಡಿಯೋ ದಿನವಿಡೀ ಜಾಝ್, ಬ್ಲೂಸ್ ಹಾಕುತ್ತದೆ, ಇಂಟರ್ನೆಟ್‌ನಲ್ಲೂ ಸಿಗುತ್ತದೆ. ಹೋಗುವ ಮುಂಚೆ ಒಂದು ತಿಂಗಳು ಅಡುಗೆ ಮಾಡುವಾಗ ಕೇಳಿಸಿಕೊಳ್ಳಿ, ಟೆಂಟ್‌ನಲ್ಲಿ ಅರ್ಧ ಜನ ಪರಿಚಯದವರಾಗಿರುತ್ತಾರೆ. ಒಳಗೆ ನಗದು ನಡೆಯುವುದಿಲ್ಲ, ಕಾರ್ಡ್ ಇಟ್ಟುಕೊಳ್ಳಿ. ಮನೆಯ ಊಟ ಒಳಗೆ ಬಿಡುವುದಿಲ್ಲ.

ಮಳೆ ಬಂದರೆ ಮೈದಾನ ಕೆಸರುಗದ್ದೆ. ರಬ್ಬರ್ ಬೂಟು ಕಾರಿನಲ್ಲಿ ಇರಲಿ. ಕಾರನ್ನು ಹೋಟೆಲಿನಲ್ಲೇ ಬಿಟ್ಟು, ಊರಿನ ಮಧ್ಯದಿಂದ ಹೊರಡುವ ಉತ್ಸವದ ಬಸ್ ಹಿಡಿಯಿರಿ. ಅದಕ್ಕೆ ಬೇರೆ ಟಿಕೆಟ್ ಇದೆ, ಆದರೂ ಒಳ್ಳೆಯದು. ವಾಸಕ್ಕೆ ಮೊದಲೇ ಬುಕ್ ಮಾಡಿ, ಆ ವಾರ ಬಾಡಿಗೆ ವಿಪರೀತ ಏರುತ್ತದೆ. ನಾವು ಇಳಿದುಕೊಂಡ ಹೋಟೆಲು ಮೊದಲು ಹೇಳದ ಪಾರ್ಕಿಂಗ್ ದುಡ್ಡನ್ನು ಕೊನೆಗೆ ಬಿಲ್ಲಿಗೆ ಸೇರಿಸಿತು. ಮೊದಲೇ ಕೇಳಿ ಬರೆಸಿಕೊಳ್ಳಿ.

ದಿನದ ವೇಳಾಪಟ್ಟಿಗೆ ಅಲ್ಲಿನವರು ಕ್ಯೂಬ್ಸ್ ಅನ್ನುತ್ತಾರೆ. ಅದು ಕೈಗೆ ಬಂದ ಮೇಲೆ ಟೆಂಟ್‌ಗಳ ಸಾಲು ಮಾತ್ರ ಓದಿ, ನ್ಯೂ ಆರ್ಲಿಯನ್ಸ್ ಊರಿನವರ ಹೆಸರಿಗೆ ಗೆರೆ ಎಳೆಯಿರಿ. 11 ಗಂಟೆಗೇ ಒಳಗೆ ಇರಿ. ಮೊದಲ ಎರಡು ಕಚೇರಿಗಳಿಗೆ ಕುರ್ಚಿ ಖಾಲಿ ಇರುತ್ತವೆ, ಶಾಲೆ ಮಕ್ಕಳ ಬ್ಯಾಂಡುಗಳೂ ಆ ಹೊತ್ತಿಗೇ ನುಡಿಸುತ್ತವೆ. ಈ ಉತ್ಸವದ ಒಡೆತನ ಒಂದು ಲಾಭರಹಿತ ಪ್ರತಿಷ್ಠಾನದ್ದು. ಆ ರೇಡಿಯೋವನ್ನೂ, ಊರಿನ ಮಕ್ಕಳಿಗೆ ಬಿಟ್ಟಿಯಾಗಿ ಜಾಝ್ ಕಲಿಸುವ ಶಾಲೆಯನ್ನೂ ಅದೇ ಪ್ರತಿಷ್ಠಾನ ನಡೆಸುತ್ತದೆ. ಟಿಕೆಟ್ ದುಡ್ಡು ಜಾಸ್ತಿ ಅನ್ನಿಸಿದಾಗ ನಾನು ಇದನ್ನು ನೆನೆಸಿಕೊಳ್ಳುತ್ತೇನೆ.

ಸಂಜೆ 7ಕ್ಕೆ ಹೊರಗೆ ಬಂದ ಮೇಲೆ ಇನ್ನೂ ಕೇಳುವ ಆಸೆ ಇದ್ದರೆ ಸೇಂಟ್ ಪೀಟರ್ ಬೀದಿಯ ಪ್ರಿಸರ್ವೇಶನ್ ಹಾಲ್‌ಗೆ ಹೋಗಿ. 1961ರಿಂದ ಇರುವ ಪುಟ್ಟ ಹಳೇ ಕೋಣೆ. ಮದ್ಯ ಮಾರುವುದಿಲ್ಲ, ಒಂದು ಕಚೇರಿ ಮುಕ್ಕಾಲು ಗಂಟೆಯಷ್ಟೇ, ಆದ್ದರಿಂದ ಮಕ್ಕಳು, ಹಿರಿಯರ ಜೊತೆ ನಿಶ್ಚಿಂತೆಯಿಂದ ಹೋಗಬಹುದು. ಮೊದಲೇ ಟಿಕೆಟ್ ತೆಗೆದುಕೊಳ್ಳಿ.

ಇಷ್ಟು ದುಡ್ಡು ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಅದೇ ಪ್ರತಿಷ್ಠಾನದವರು ಅಕ್ಟೋಬರ್‌ನಲ್ಲಿ ಲಾಫಾಯೆಟ್ ಸ್ಕ್ವೇರ್‌ನಲ್ಲಿ ಕ್ರೆಸೆಂಟ್ ಸಿಟಿ ಬ್ಲೂಸ್ ಆಂಡ್ ಬಾರ್ಬಿಕ್ಯೂ ಉತ್ಸವ ಮಾಡುತ್ತಾರೆ. ಟಿಕೆಟ್ ಇಲ್ಲ, ಬಿಸಿಲೂ ಕಮ್ಮಿ. ಏಪ್ರಿಲ್‌ನಲ್ಲಿ ನಡೆಯುವ ಫ್ರೆಂಚ್ ಕ್ವಾರ್ಟರ್ ಉತ್ಸವವೂ ಉಚಿತ, ಅಲ್ಲೂ ನುಡಿಸುವವರು ಬಹುತೇಕ ಆ ಊರಿನವರೇ. ಮಕ್ಕಳಿಗೆ ಬ್ಲೂಸ್ ರುಚಿ ಹತ್ತಿಸಬೇಕು ಅಂದರೆ ಅಕ್ಟೋಬರ್‌ನಲ್ಲಿ ಅಲ್ಲಿಗೆ ಮೊದಲು ಕರೆದುಕೊಂಡು ಹೋಗಿ, ಜಾಝ್ ಫೆಸ್ಟ್ ಮುಂದಿನ ವಸಂತಕ್ಕೆ ಇಟ್ಟುಕೊಳ್ಳಿ.